ಕಪಾಟಿನ ಬಿಸಿಗೆ ಹಳೇ ಫ್ಯಾನ್ ಸಾಕಾ?

ಪ್ರಶ್ನೆ: ಟಿವಿ ಕೆಳಗಿನ ಮರದ ಕಪಾಟಿನಲ್ಲಿ ರೂಟರ್, ಸೆಟ್ ಟಾಪ್ ಬಾಕ್ಸ್, ಹಾರ್ಡ್ ಡಿಸ್ಕ್ ಇಟ್ಟಿದ್ದೇನೆ. ಬಾಗಿಲು ಹಾಕಿದರೆ ಎಲ್ಲವೂ ಕಾಯುತ್ತವೆ. ರೂಟರ್ ಆಗಾಗ ತಾನಾಗೇ ಆಫ್ ಆಗಿ ಆನ್ ಆಗುತ್ತದೆ. ಯುಎಸ್‌ಬಿ ಫ್ಯಾನ್ ಕೊಳ್ಳಲಾ, ಹಳೇ ಕಂಪ್ಯೂಟರಿನಿಂದ ಬಿಚ್ಚಿಟ್ಟ ಫ್ಯಾನನ್ನೇ ಹಾಕಲಾ?

ಉತ್ತರ: ಹಳೇ ಫ್ಯಾನ್ 120 ಮಿ.ಮೀ. ಅಗಲದ್ದಾಗಿದ್ದರೆ ಖಂಡಿತ ಅದನ್ನೇ ಹಾಕಿ. 40 ಮಿ.ಮೀ.ನ ಪುಟ್ಟ ಫ್ಯಾನ್ ಅಷ್ಟೇ ಗಾಳಿ ತಳ್ಳಲು ವಿಪರೀತ ಜೋರಾಗಿ ತಿರುಗಬೇಕು. ಆ ಕೀರಲು ಸದ್ದು ಟಿವಿ ನೋಡುವಾಗ ತಲೆ ತಿನ್ನುತ್ತದೆ.

ಫ್ಯಾನಿಗಿಂತ ಮೊದಲು ಕಪಾಟನ್ನು ನೋಡಿ. ಗಾಳಿ ಬರಲು, ಹೋಗಲು ದಾರಿ ಇದೆಯಾ? ಇಲ್ಲದಿದ್ದರೆ ಎಂಥ ಫ್ಯಾನ್ ಹಾಕಿದರೂ ಅದೇ ಬಿಸಿ ಗಾಳಿ ಒಳಗೇ ಸುತ್ತುತ್ತಿರುತ್ತದೆ. ಹಿಂದಿನ ಹಲಗೆಯ ಮೇಲ್ಭಾಗದಲ್ಲಿ ಫ್ಯಾನಿನ ಅಳತೆಗೆ ತೂತು ಕೊರೆಸಿ, ಗಾಳಿ ಹೊರಗೆ ಹೋಗುವಂತೆ ಕೂರಿಸಿ. ಮುಂಭಾಗದಲ್ಲಿ ಕೆಳಗಡೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಕಿಂಡಿ ಬಿಡಿ. ಕಪಾಟನ್ನು ಗೋಡೆಗೆ ಅಂಟಿಸಬೇಡಿ, ನಾಲ್ಕು ಬೆರಳಾದರೂ ಜಾಗ ಇರಲಿ. ಫ್ಯಾನ್ ಯಾವ ಕಡೆ ಊದುತ್ತದೆ ಅಂತ ತಿಳಿಯಲು ಅದರ ಚೌಕಟ್ಟು ನೋಡಿ: ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳು ಇರುವ ಕಡೆಯಿಂದ ಗಾಳಿ ಹೊರಬರುತ್ತದೆ.

ಇನ್ನು ಕರೆಂಟು. ಕಂಪ್ಯೂಟರ್ ಫ್ಯಾನ್ 12 ವೋಲ್ಟಿನದು, ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್. ಬಹಳಷ್ಟು ಫ್ಯಾನ್‌ಗಳು 5 ವೋಲ್ಟಿಗೂ ತಿರುಗುತ್ತವೆ, ನಿಧಾನವಾಗಿ, ಸದ್ದಿಲ್ಲದೆ. ಇಷ್ಟು ಚಿಕ್ಕ ಕಪಾಟಿಗೆ ನನಗಂತೂ ಅದೇ ಇಷ್ಟ. ಹಳೇ ಯುಎಸ್‌ಬಿ ಕೇಬಲ್ ಕತ್ತರಿಸಿದರೆ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್. ಅಗ್ಗದ ಕೇಬಲ್‌ಗಳಲ್ಲಿ ಬಣ್ಣ ನಂಬಬೇಡಿ, ಮಲ್ಟಿಮೀಟರಿನಲ್ಲಿ (ವೋಲ್ಟ್ ಅಳೆಯುವ ಉಪಕರಣ) ನೋಡಿಕೊಂಡೇ ಜೋಡಿಸಿ. ಹಸಿರು, ಬಿಳಿ ತಂತಿ ಬೇಕಿಲ್ಲ, ತುದಿಗೆ ಟೇಪ್ ಸುತ್ತಿ ಬಿಡಿ. ಫ್ಯಾನಿನಲ್ಲಿ ಮೂರನೆಯದೋ ನಾಲ್ಕನೆಯದೋ ತಂತಿ ಇದ್ದರೆ ಅದೂ ಬೇಡ. ಅವು ವೇಗ ಅಳೆಯಲು, ಹತೋಟಿಯಲ್ಲಿಡಲು.

5 ವೋಲ್ಟಿಗೆ ಫ್ಯಾನ್ ಅಲುಗಿ ಅಲ್ಲೇ ನಿಂತರೆ ಹಾಗೇ ಬಿಡಬೇಡಿ. 5ನ್ನು 12 ವೋಲ್ಟ್ ಮಾಡುವ ಬೂಸ್ಟರ್ ಸಿಗುತ್ತದೆ. ಆದರೆ 12 ವೋಲ್ಟ್, 0.2 ಆಂಪಿಯರ್ ಅಂತ ಬರೆದಿರುವ ಫ್ಯಾನಿಗೆ 2.4 ವ್ಯಾಟ್ ಬೇಕು. ಬೂಸ್ಟರಿನ ನಷ್ಟ ಸೇರಿದರೆ ಟಿವಿಯ ಯುಎಸ್‌ಬಿ ತೂತು ಕೊಡುವ 0.5 ಆಂಪಿಯರ್, ಅಂದರೆ 5 ವೋಲ್ಟಿನಲ್ಲಿ 2.5 ವ್ಯಾಟ್, ಸಾಲದು. ಮೊಬೈಲ್ ಚಾರ್ಜರಿಗೆ ಹಾಕಿ. ಬೂಸ್ಟರ್ ಇಲ್ಲದಿದ್ದರೂ ನಿಮಗೆ ಚಾರ್ಜರೇ ಒಳ್ಳೆಯದು. ಟಿವಿ ಆಫ್ ಮಾಡಿದರೆ ಅದರ ಯುಎಸ್‌ಬಿ ಸಾಮಾನ್ಯವಾಗಿ ನಿಂತುಹೋಗುತ್ತದೆ, ರೂಟರ್ ಮಾತ್ರ ರಾತ್ರಿಯಿಡೀ ಓಡುತ್ತಿರುತ್ತದೆ ಅಲ್ವಾ?

ತಂತಿ ಕತ್ತರಿಸಲು ಧೈರ್ಯವಿಲ್ಲ ಅಂದರೆ ರೆಡಿ ಯುಎಸ್‌ಬಿ ಫ್ಯಾನ್ ತಗೊಳ್ಳಿ, ತಪ್ಪೇನಿಲ್ಲ. 120 ಮಿ.ಮೀ. ಇರಲಿ, ಎರಡೂ ಕಡೆ ಜಾಲರಿ ಇರಲಿ, ವೇಗ ಬದಲಿಸುವ ಸ್ವಿಚ್ ಇರಲಿ. ಮಲಗಿಸಿ ಇಡುವುದಾದರೆ ಬಾಲ್ ಬೇರಿಂಗ್ (ಪುಟ್ಟ ಗುಂಡುಗಳ ಮೇಲೆ ತಿರುಗುವ ಬಗೆ) ಇರುವುದನ್ನೇ ಕೇಳಿ. ಬಣ್ಣಬಣ್ಣದ ಲೈಟಿಗೆ ಸುಮ್ನೆ ದುಡ್ಡು ಕೊಡಬೇಡಿ.

ರೂಟರಿನ ಅಡಾಪ್ಟರ್ ಕೂಡ ಕಪಾಟಿನೊಳಗೇ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ಬಿಸಿಯಲ್ಲಿ ಅದರೊಳಗಿನ ಕೆಪಾಸಿಟರ್‌ಗಳು (ಕರೆಂಟನ್ನು ಕೂಡಿಟ್ಟು ಕೊಡುವ ಪುಟ್ಟ ಭಾಗಗಳು) ಬೇಗ ಸೊರಗುತ್ತವೆ. ಹತ್ತು ಡಿಗ್ರಿ ಕಡಿಮೆಯಾದರೆ ಅವುಗಳ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಈ ಕೆಲಸದವರ ಲೆಕ್ಕ. ಫ್ಯಾನ್ ಹಾಕಿದ ಮೇಲೂ ರೂಟರ್ ಹೀಗೇ ಆಫ್ ಆಗುತ್ತಿದ್ದರೆ, ಅಷ್ಟೇ ವೋಲ್ಟಿನ ಬೇರೆ ಅಡಾಪ್ಟರ್ ಹಾಕಿ ನೋಡಿ. ಆಂಪಿಯರ್ ಮೊದಲಿನಷ್ಟೇ ಇರಲಿ, ಜಾಸ್ತಿ ಇದ್ದರೂ ಪರವಾಗಿಲ್ಲ.