ಭಯದ ಮಾತು ಆಮೇಲೆ, ಮೊದಲು ನಿದ್ದೆ: ಒಬ್ಬ ಅಡಿಕೆ ಬೆಳೆಗಾರರ ಪ್ರಕರಣ

ಜೂನ್ ಮೊದಲ ವಾರ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೆಂಡತಿಯ ಜೊತೆ ಶಿವಮೊಗ್ಗಕ್ಕೆ, ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವ ನನ್ನ ಹತ್ತಿರ ಬಂದರು. ವಯಸ್ಸು 43. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವರು ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದರು. ಮಾತು ಶುರು ಮಾಡಿದ್ದು ಹೆಂಡತಿ. "ಇವರು ಬಸ್ ಹತ್ತಿ ಮೂರು ತಿಂಗಳಾಯ್ತು ಮೇಡಂ. ಇವತ್ತೂ ಬಾಡಿಗೆ ಕಾರಲ್ಲೇ ಬಂದಿದ್ದು."

ಮಾರ್ಚ್‌ನಲ್ಲಿ ಅಡಿಕೆ ಮಾರಲು ಮಂಡಿಗೆ ಬಂದಿದ್ದರಂತೆ. ತೂಕ ಆಗುವಾಗ ಎದೆ ಡವಡವ ಅಂತ ಹೊಡೆದುಕೊಂಡಿತು. ಕೈ ಬೆವರಿತು, ಉಸಿರು ಸಿಗಲಿಲ್ಲ. ಹಾರ್ಟ್ ಅಟ್ಯಾಕ್ ಅಂದುಕೊಂಡು ಆಸ್ಪತ್ರೆಗೆ ಓಡಿದರು. ಇಸಿಜಿ, ರಕ್ತ ಪರೀಕ್ಷೆ, ಥೈರಾಯ್ಡ್ ಎಲ್ಲವೂ ಸರಿ ಇತ್ತು. ಆದರೆ ಮತ್ತೆ ಹಾಗೇ ಆದರೆ ಎಂಬ ಹೆದರಿಕೆಗೆ ಬಸ್ ಹತ್ತುವುದೇ ನಿಂತಿತು. ಈ ಪರೀಕ್ಷೆಗಳು ಆಗಿದ್ದು ಒಳ್ಳೆಯದೇ ಆಯಿತು. ಥೈರಾಯ್ಡ್ ಜಾಸ್ತಿಯಾದರೂ, ಮೈಯಲ್ಲಿ ರಕ್ತ ಕಡಿಮೆಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಎದೆ ಹಿಡಿದುಕೊಂಡಾಗ ಮೊದಲು ಹೋಗಬೇಕಾದ್ದು ಡಾಕ್ಟರ ಹತ್ತಿರ, ನನ್ನಂಥವರ ಹತ್ತಿರ ಅಲ್ಲ.

ಮನೆಯಲ್ಲಿ ಚೌಡಿ ದೇವತೆಗೆ ಹರಕೆಯೂ ಆಗಿತ್ತು. ಅದರಿಂದ ಮನಸ್ಸಿಗೆ ಧೈರ್ಯ ಸಿಕ್ಕಿದ್ದರೆ ಇರಲಿ ಎಂದೆ. ಅವರು ತಲೆ ಎತ್ತಿ ಒಂದೇ ಮಾತು ಹೇಳಿದರು: "ಆ ಹೆದರಿಕೆ ಒಂದು ತೆಗೆದುಬಿಡಿ ಮೇಡಂ. ಉಳಿದಿದ್ದೆಲ್ಲ ಸರಿ ಇದೆ."

ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ, ಗಂಟೆ ಗಂಟೆ ಹೇಳಿ ಎಂದೆ. ಹೇಳುತ್ತಾ ಹೋದ ಹಾಗೆ ಉಳಿದಿದ್ದು ಏನೂ ಸರಿ ಇಲ್ಲ ಅಂತ ಅವರಿಗೇ ಗೊತ್ತಾಯಿತು. ದಿನಕ್ಕೆ ಏಳು ಲೋಟ ಚಹಾ, ಕೊನೆಯದು ರಾತ್ರಿ ಎಂಟಕ್ಕೆ. ಹೊಗೆಸೊಪ್ಪು ಹಾಕಿದ ಕವಳ (ಎಲೆ-ಅಡಿಕೆ) ಹತ್ತೋ ಹನ್ನೆರಡೋ. ಒಂಬತ್ತಕ್ಕೆ ಹಾಸಿಗೆ ಸೇರಿದರೂ ನಡುರಾತ್ರಿ ಒಂದು ಗಂಟೆವರೆಗೆ ಮೊಬೈಲ್‌ನಲ್ಲಿ ಅಡಿಕೆ ರೇಟು, ಎಲೆಚುಕ್ಕಿ ರೋಗದ ವಿಡಿಯೊ. ಬೆಳಗಿನ ತಿಂಡಿ ಬಿಟ್ಟು ಎಷ್ಟೋ ದಿನ ಆಗಿತ್ತು.

ಆವತ್ತೇ ನಿರ್ಧಾರ ಮಾಡಿದೆ. ಕೆಲವು ವಾರ ಬಸ್ಸಿನ ಮಾತೇ ಬೇಡ. ಭಯ ಹೋಗಬೇಕೆಂದರೆ ಒಂದು ದಿನ ಆ ಭಯದ ಒಳಗೇ ನಿಲ್ಲಬೇಕಾಗುತ್ತದೆ. ಅದು ಕಷ್ಟದ ಕೆಲಸ. ನಾಲ್ಕು ಗಂಟೆ ನಿದ್ದೆ, ಖಾಲಿ ಹೊಟ್ಟೆ, ಏಳು ಲೋಟ ಚಹಾ ಇಟ್ಟುಕೊಂಡು ಯಾರಿಂದಲೂ ಆಗುವುದಿಲ್ಲ. ಚಹಾ ಮತ್ತು ಹೊಗೆಸೊಪ್ಪು ಎರಡೂ ಎದೆಬಡಿತ ಏರಿಸುತ್ತವೆ. ಹೆದರಿದ ಮನಸ್ಸು ಆ ಬಡಿತ ಕೇಳಿ 'ಮತ್ತೆ ಬಂತು' ಅಂತ ಇನ್ನಷ್ಟು ಹೆದರುತ್ತದೆ.

ಆದರೆ ಮೊದಲ ಭೇಟಿಯಲ್ಲಿ ನಾನೇ ಒಂದು ತಪ್ಪು ಮಾಡಿದೆ. ಮಾಡಬೇಕಾದ ಎಂಟು ವಿಷಯ ಚೀಟಿಯಲ್ಲಿ ಬರೆದುಕೊಟ್ಟೆ. ಎರಡು ವಾರ ಬಿಟ್ಟು ಬಂದಾಗ ಒಂದನ್ನೂ ಮಾಡಿರಲಿಲ್ಲ. ನಾಚಿಕೆಯಿಂದ ಈ ಸಲ ಬರುವುದೇ ಬೇಡ ಅಂದುಕೊಂಡಿದ್ದರಂತೆ. ಮೊದಲೇ 'ಗಂಡಸಾಗಿ ಹೆದರುತ್ತೇನಲ್ಲ' ಎಂದು ಕುಗ್ಗಿದ್ದ ಮನುಷ್ಯನಿಗೆ ನಾನು ಸೋಲಲು ಇನ್ನೂ ಎಂಟು ಜಾಗ ಕೊಟ್ಟಿದ್ದೆ. ಹಾಗಂತ ಅವರಿಗೆ ಹೇಳಿ ಚೀಟಿ ಹರಿದು ಹಾಕಿದೆ.

ಆ ವಾರ ಒಂದೇ ಕೆಲಸ ಹೇಳಿದೆ. ರಾತ್ರಿ ಯಾವಾಗಲಾದರೂ ನಿದ್ದೆ ಬರಲಿ, ಬೆಳಗ್ಗೆ ಐದೂವರೆಗೆ ಏಳಬೇಕು. ನಿದ್ದೆ ಬಾ ಅಂದರೆ ಬರುವುದಿಲ್ಲ, ಆದರೆ ಏಳುವ ಹೊತ್ತು ನಮ್ಮ ಕೈಯಲ್ಲಿದೆ. ಹೇಗೂ ಹಾಲು ಕರೆಯುವ ಹೊತ್ತು ಅದೇ. ಹಗಲು ಮಲಗಬಾರದು. ಮೊಬೈಲ್ ರಾತ್ರಿ ಜಗಲಿಯಲ್ಲೇ ಚಾರ್ಜ್ ಆಗಲಿ ಎಂದು ಹೆಂಡತಿ ಸೇರಿಸಿದರು. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ನಡುಮನೆಯಲ್ಲಿ ಕೂರಬೇಕು, ಕಣ್ಣು ಎಳೆದಾಗ ವಾಪಸ್ ಬರಬೇಕು. ಮೊದಲ ನಾಲ್ಕು ದಿನ ಒದ್ದಾಡಿದರು. ಎರಡನೇ ವಾರದ ಹೊತ್ತಿಗೆ ಹತ್ತೂವರೆಗೆ ಕಣ್ಣು ಮುಚ್ಚತೊಡಗಿತು.

ಆಮೇಲೆ ಚಹಾ. ಕುಡಿದ ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಎಂಟರ ಚಹಾ ನಡುರಾತ್ರಿ ಒಂದು ಗಂಟೆಗೂ ಒಳಗೆ ಕೆಲಸ ಮಾಡುತ್ತಿರುತ್ತದೆ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ. ಹಾಗಾಗಿ ವಾರಕ್ಕೊಂದು ಲೋಟ ಕಡಿಮೆ ಮಾಡಿ, ಮಧ್ಯಾಹ್ನದ ನಂತರ ಮನೆಯಲ್ಲೇ ಮಾಡುವ ಕೊತ್ತಂಬರಿ-ಜೀರಿಗೆ ಕಷಾಯಕ್ಕೆ ಬಂದರು.

ಕವಳದ ಮಾತು ಎತ್ತಲು ನನಗೆ ಹಿಂಜರಿಕೆ ಆಯಿತು. ಅಡಿಕೆ ಅನ್ನ ಕೊಟ್ಟ ಬೆಳೆ. ಕವಳದ ತಟ್ಟೆ ಮುಂದಿಡದೆ ನಮ್ಮ ಕಡೆ ಮಾತೇ ಶುರುವಾಗುವುದಿಲ್ಲ. "ಹಾಕಿದ ತಕ್ಷಣ ಸಮಾಧಾನ ಆಗುತ್ತಲ್ಲ" ಎಂದರು ಅವರು. ಹೊಗೆಸೊಪ್ಪಿನ ಚಟ ಕೊಡುವ ಚಡಪಡಿಕೆ ಹೊಗೆಸೊಪ್ಪಿನಿಂದಲೇ ಸ್ವಲ್ಪ ಹೊತ್ತು ನಿಲ್ಲುತ್ತದೆ, ಅಷ್ಟೆ. ಅಡಿಕೆಯಲ್ಲೂ ನರಗಳನ್ನು ಕೆರಳಿಸುವ ಅಂಶ ಇದೆ. ಎರಡೂ ಬಾಯಿ ಕ್ಯಾನ್ಸರ್‌ಗೆ ಕಾರಣ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಮೊದಲು ಹೊಗೆಸೊಪ್ಪು ಬಿಡಲು ಒಪ್ಪಿದರು. ಅದು ನಿಂತದ್ದು ಎರಡು ಸಲ ಮತ್ತೆ ಶುರು ಮಾಡಿದ ಮೇಲೆ. ಬರಿ ಕವಳ ಈಗ ದಿನಕ್ಕೆ ಎರಡು.

ನಡಿಗೆಯ ವಿಷಯದಲ್ಲಿ ನಾನೇ ಕಲಿತೆ. ದಿನಾ ತೋಟ ಸುತ್ತುತ್ತೇನಲ್ಲ, ಬೇರೆ ಯಾಕೆ ಎಂದು ಕೇಳಿದರು. ತೋಟದಲ್ಲಿ ಕಣ್ಣು ಎಲ್ಲಿರುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲೆ, ಚುಕ್ಕಿ ಹುಡುಕ್ತಾ" ಎಂದರು. ಆ ಸುತ್ತಾಟ ಚಿಂತೆಯದೇ ಇನ್ನೊಂದು ರೂಪ. ಬೆಳಗ್ಗೆ ಹಾಲು ಹಾಕಲು ಡೈರಿಗೆ ಬೈಕ್ ಬಿಟ್ಟು ನಡೆದೇ ಹೋಗುವುದು ಅಂತಾಯಿತು. ಹೋಗಿ ಬರಲು ನಲವತ್ತು ನಿಮಿಷ, ಮಳೆಗೆ ಕೊಡೆ.

ಇದರ ಜೊತೆಗೆ ಮನಸ್ಸಿಗೂ ಒಂದು ಅಭ್ಯಾಸ ಕೊಟ್ಟೆ. ಸಂಜೆ ಐದೂವರೆಯಿಂದ ಹದಿನೈದು ನಿಮಿಷ ಚಿಂತೆಗೆ ಮೀಸಲು. ಪುಸ್ತಕದ ಒಂದು ಪುಟದಲ್ಲಿ ನನ್ನ ಕೈಯಲ್ಲಿ ಇರುವುದು, ಎದುರು ಪುಟದಲ್ಲಿ ಇಲ್ಲದ್ದು. ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡರಿಗೆ ಹೇಳುವುದು ಮೊದಲ ಪುಟ. ರೇಟು ಎದುರು ಪುಟ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ 'ಐದೂವರೆಗೆ ಬಾ' ಅನ್ನಬೇಕು. ಉಸಿರಿನ ಅಭ್ಯಾಸವೂ ಇತ್ತು. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ದಿನಕ್ಕೆರಡು ಸಲ ಐದೈದು ನಿಮಿಷ. ಮನಸ್ಸು ಆರಾಮಾಗಿದ್ದಾಗ ಕಲಿಯದಿದ್ದರೆ ಗಾಬರಿಯಲ್ಲಿ ಕೈಗೆ ಸಿಗುವುದಿಲ್ಲ.

ಆಗಸ್ಟ್‌ನಲ್ಲಿ ಒಂದು ದಿನ ಅವರೇ ಹೇಳಿದರು: "ಬಸಿಗಾಲುವೆ ಬಿಡಿಸದೆ ಎಷ್ಟು ಬೋರ್ಡೋ ಔಷಧಿ ಹೊಡೆದರೂ ಅಷ್ಟೇ ಅಲ್ವಾ ಮೇಡಂ. ನೀರು ಬುಡದಲ್ಲೇ ನಿಂತಿರುತ್ತೆ." ಬಸ್ಸಿನ ಮಾತು ಎತ್ತಲು ಇದೇ ಸರಿಯಾದ ಹೊತ್ತು ಅನ್ನಿಸಿತು.

ಎಲ್ಲರನ್ನೂ ಹೀಗೆ ಕಾಯಿಸಬಾರದು. ಸಾಯುವ ಯೋಚನೆ ಬರುತ್ತಿದ್ದರೆ, ಹಾಸಿಗೆ ಬಿಟ್ಟು ಏಳಲಾಗದಿದ್ದರೆ, ಹೆದರಿಕೆ ಮುಚ್ಚಲು ಕುಡಿತ ಶುರುವಾಗಿದ್ದರೆ ನೇರ ಮನೋವೈದ್ಯರ ಹತ್ತಿರ ಹೋಗಬೇಕು. ಡಾಕ್ಟರು ಕೊಟ್ಟ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಈ ಬೆಳೆಗಾರರು ಬಸ್ ಹತ್ತಿದ್ದು ಮೊದಲು ಹೆಂಡತಿಯ ಜೊತೆ, ತೀರ್ಥಹಳ್ಳಿವರೆಗೆ. ಆಮೇಲೆ ಒಬ್ಬರೇ. ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗದ ಬಸ್ಸು. ಮಂಡಗದ್ದೆ ಹತ್ತಿರ ಎದೆ ಹೊಡೆದುಕೊಂಡು ಇಳಿದುಬಿಡೋಣ ಅನ್ನಿಸಿತಂತೆ. ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿ ಮುಟ್ಟುತ್ತದೆ, ಆಮೇಲೆ ಇಳಿಯಲೇಬೇಕು ಎಂದು ಮಾತಾಡಿಕೊಂಡಿದ್ದೆವು. ಗಾಬರಿ ಏರಿದಾಗಲೇ ಬಸ್ಸಿನಿಂದ ಇಳಿದುಬಿಟ್ಟರೆ ಅದು ಇಳಿಯುವುದನ್ನು ನೋಡುವುದೇ ಇಲ್ಲ. ಹೊಳೆಯ ನಡುವಿನ ಮರದ ಮೇಲೆ ಬೆಳ್ಳಕ್ಕಿ ಕೂತಿದ್ದವು, ಎಣಿಸುತ್ತಾ ಕೂತೆ ಎಂದರು. ಗಾಜನೂರು ಬರುವ ಹೊತ್ತಿಗೆ ಉಸಿರು ಸರಿಯಾಗಿತ್ತು.

ನವೆಂಬರ್‌ನಲ್ಲಿ ಅದೇ ಮಂಡಿಗೆ ಒಬ್ಬರೇ ಹೋದರು. ಅಲ್ಲೂ ಎದೆ ಹೊಡೆದುಕೊಂಡಿತು. ತೂಕ ಮುಗಿಯುವವರೆಗೆ ನಿಂತರು. ವಾರಕ್ಕೊಂದು ರಾತ್ರಿ ಈಗಲೂ ನಿದ್ದೆ ತಪ್ಪುತ್ತದೆ, ಬೆಳಗ್ಗೆ ಐದೂವರೆಗೆ ಎದ್ದು ಡೈರಿಗೆ ನಡೆಯುತ್ತಾರೆ. ಮುಂದಿನ ಭೇಟಿಗೆ ದಿನ ಕೊಡಲು ಫೋನ್ ಮಾಡಿದೆ. "ಕೊಯ್ಲು ನಡೀತಿದೆ ಮೇಡಂ, ಸುಲಿಯೋರಿಗೆ ಊಟ ಹಾಕಬೇಕು. ಇನ್ನೊಂದು ತಿಂಗಳು ಬಿಟ್ಟು ಬರ್ತೀನಿ, ಬಸ್ಸಲ್ಲೇ" ಎಂದರು.