ಸಾಂತಿಯಾಗೊ ತಲುಪಿ ಆಯ್ತು, ಈಗ ಮನೆ ನೆನಪು ತಡೆಯೋಕೆ ಆಗ್ತಿಲ್ಲ. ಏನು ಮಾಡಲಿ?

ಫ್ರಾನ್ಸಿನ ಗಡಿ ಊರು ಸ್ಯಾಂ ಜಾನ್‌ನಿಂದ ಸ್ಪೇನಿನ ಕಮಿನೊ ಯಾತ್ರೆಯ ದಾರಿಯಲ್ಲಿ 36 ದಿನ ನಡೆದು ನಿನ್ನೆ ಅದರ ಕೊನೆಯ ಊರು ಸಾಂತಿಯಾಗೊ ಸೇರಿದ್ದೀರಿ. ದೊಡ್ಡ ಚರ್ಚಿನ ಮುಂದೆ ನಿಂತಾಗ ಏನೂ ಅನ್ನಿಸಲಿಲ್ಲ, ಬರೀ ಮನೆ ಬೇಕು ಅನ್ನಿಸ್ತು ಅಂದಿದ್ದೀರಿ. ವಾಪಸ್ ಟಿಕೆಟ್‌ಗೆ ಇನ್ನೂ ಒಂಬತ್ತು ದಿನ ಇದೆ, ಅಲ್ಲಿಂದ ಮುಂದೆ ಸಮುದ್ರ ತೀರದ ಫಿನಿಸ್ಟೆರೆಗೆ ನಡೆಯಲಾ ಅಥವಾ ಟಿಕೆಟ್ ಬದಲಿಸಿ ನಾಳೆಯೇ ಹೊರಡಲಾ ಅಂತ ಕೇಳಿದ್ದೀರಿ. ಕೊನೆಗೆ, 'ನನ್ನ ಯಾತ್ರೆ ಸೋತಿತಾ?' ಅಂತಲೂ. ಆ ಕೊನೆ ಸಾಲು ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ನಾನು ಸ್ಯಾಂ ಜಾನ್ ಬಿಟ್ಟಿದ್ದು 2018ರ ಸೆಪ್ಟೆಂಬರ್ 20ಕ್ಕೆ. ವಾಪಸ್ ಟಿಕೆಟ್ ನವೆಂಬರ್ 3ಕ್ಕೆ. ಲೆಕ್ಕ ಹಾಕಿಯೇ ಮಾಡಿಸಿದ್ದೆ. 3ಕ್ಕೆ ಹೊರಟರೆ 5ರ ಬೆಳಿಗ್ಗೆ ಊರು. ನಮ್ಮದು ತೀರ್ಥಹಳ್ಳಿ ಹತ್ತಿರ. ಆ ವರ್ಷ 5ರ ಸಂಜೆ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ ಹಿಂಡಲೆ ಬಳ್ಳಿ ಸುತ್ತುವ ಹೊತ್ತಿಗೆ ನೀನು ಮನೆಯಲ್ಲಿರಬೇಕು ಅಂತ ಅಮ್ಮ ಹೇಳಿದ್ದರು.

ಮೊದಲ ಎರಡು ವಾರ ಮನೆ ನೆನಪೇ ಬರಲಿಲ್ಲ. ಪಿರನೀಸ್ ಬೆಟ್ಟ, ಪಾಂಪ್ಲೋನ, ಬುರ್ಗೋಸ್, ಎಲ್ಲಾ ಹೊಸದು. ಮೆಸೆಟಾ ಅನ್ನುವ ಬಯಲು ಪ್ರಸ್ಥಭೂಮಿಯಲ್ಲಿ ಒಂದು ಕಡೆ, ಕರಿಯೋನ್ ಊರು ದಾಟಿದ ಮೇಲೆ, 17 ಕಿಲೋಮೀಟರ್ ಒಂದು ಹಳ್ಳಿಯೂ ಇಲ್ಲ ಅಲ್ವಾ? ಕೊಯ್ದು ಮುಗಿದ ಗೋಧಿ ಹೊಲ, ನೇರ ರಸ್ತೆ, ಅಷ್ಟೇ. ಅಲ್ಲಿ ನನಗೆ ಕೊರಿಯಾದ ಒಬ್ಬರು ಹಿರಿಯರು ಜೊತೆಯಾದರು. ಎಪ್ಪತ್ತು ದಾಟಿತ್ತು. ಅವರಿಗೆ ಹತ್ತಿಪ್ಪತ್ತು ಇಂಗ್ಲಿಷ್ ಪದ ಬರುತ್ತಿತ್ತು, ನನಗೆ ಕೊರಿಯನ್ ಒಂದೂ ಇಲ್ಲ. ನಾನು ಅವರನ್ನು ಅಜ್ಜ ಅಂತಲೇ ಕರೆಯುತ್ತಿದ್ದೆ. ಅದರ ಅರ್ಥ ತಿಳಿಸಿದ ದಿನ ತುಂಬಾ ಹೊತ್ತು ನಗುತ್ತಿದ್ದರು. ದಾರಿಯಲ್ಲಿ ಕುಡಿಯುವ ನೀರಿನ ನಲ್ಲಿ ಸಿಕ್ಕರೆ ಮೊದಲು ನನ್ನ ಬಾಟಲಿ ಇಸಕೊಂಡು ತುಂಬಿಸಿ ಕೊಡುವರು, ಆಮೇಲೆ ತಮ್ಮದು. ಸೇಬು ಇದ್ದರೆ ಕೈಯಲ್ಲೇ ತಿರುಚಿ ಎರಡು ಹೋಳು ಮಾಡುವರು. ದೊಡ್ಡ ಹೋಳು ಯಾವಾಗಲೂ ನನಗೆ. ಒಂದು ದಿನವೂ ಇದು ತಪ್ಪಲಿಲ್ಲ.

ದಿನಕ್ಕೆ 20, 22 ಕಿಲೋಮೀಟರ್ ಅವರ ನಡಿಗೆ. ನನಗೆ ಅದೇ ಹಿತವಾಗಿತ್ತು. ಲಿಯೋನ್‌ನಲ್ಲಿ ಒಂದು ಸಂಜೆ ತಮ್ಮ ಪುಸ್ತಕ ತೆಗೆದು ಸಾಂತಿಯಾಗೊದ ದೊಡ್ಡ ಚರ್ಚಿನ ಮುಂದಿನ ಓಬ್ರಾದೊಯ್ರೊ ಚೌಕದ ಫೋಟೋ ತೋರಿಸಿದರು. ಅದರ ಮೇಲೆ ಎರಡು ಬೆರಳು ಜೋಡಿಸಿ ಇಟ್ಟರು. ನೀನು, ನಾನು, ಅಲ್ಲಿಗೆ ಒಟ್ಟಿಗೆ. ನಾನೂ ನನ್ನ ಎರಡು ಬೆರಳು ಜೋಡಿಸಿ ಹೂಂ ಅಂದೆ.

ಮನೆ ನೆನಪು ಹಿಡಿದುಕೊಂಡಿದ್ದು ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾ ಸೇರಿದ ಮೇಲೆ. ಒ ಸೆಬ್ರೇರೊ ಬೆಟ್ಟ ಹತ್ತಿದರೆ ಆ ಕಡೆ ನಮ್ಮ ಮಲೆನಾಡೇ. ಮಂಜು, ಜಿನುಗು ಮಳೆ, ಪಾಚಿ ಕಟ್ಟಿದ ಕಲ್ಲುಗೋಡೆ, ಸಗಣಿ ವಾಸನೆ, ದಾರಿಗೆ ಅಡ್ಡ ಬರುವ ದನ. ಸಾರಿಯಾಕ್ಕೆ ಹೋಗುವ ದಿನ ಒಂದು ಸಣ್ಣ ಚರ್ಚಿನ ಪಕ್ಕ ನಿಂತೆ. ಅಲ್ಲೆಲ್ಲ ಸ್ಮಶಾನ ಚರ್ಚಿಗೆ ಅಂಟಿಕೊಂಡೇ ಇರುತ್ತದೆ. ನವೆಂಬರ್ 1 ಅವರಿಗೆ ಸತ್ತ ಹಿರಿಯರ ಸಮಾಧಿಗೆ ಹೂವು ಇಡುವ ದಿನ. ಅದಕ್ಕೆ ಒಂದು ವಾರ ಮೊದಲೇ ನಾಲ್ಕು ಹೆಂಗಸರು ಬಕೆಟ್, ಬ್ರಷ್ ತಂದು ಸಮಾಧಿ ತಿಕ್ಕುತ್ತಿದ್ದರು. ಸೀರೆ ಒಂದು ಇಲ್ಲ, ಉಳಿದಂತೆ ಹಬ್ಬಕ್ಕೆ ಹಂಡೆ ತಿಕ್ಕುವ ಅಮ್ಮ, ಚಿಕ್ಕಮ್ಮನ ಹಾಗೇ. ಗೋಡೆ ಬದಿಯಲ್ಲಿ ಕುಂಡಗಳ ಸಾಲು. ಹಳದಿ, ಬಿಳಿ ಸೇವಂತಿಗೆ. ಮಳೆಯಲ್ಲಿ ನೆಂದ ಸೇವಂತಿಗೆಯ ಆ ಕಟು ವಾಸನೆ ಮೂಗಿಗೆ ಬಡಿಯಿತು. ಅಷ್ಟೇ. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅಜ್ಜ ಸ್ವಲ್ಪ ಮುಂದೆ ಇದ್ದರು. ಅವರಿಗೆ ಕಾಣದ ಹಾಗೆ ಮುಖ ತೊಳೆದುಕೊಂಡು ಹೋದೆ.

ಆ ರಾತ್ರಿ ಸಾರಿಯಾದ ಆಲ್ಬೆರ್ಗೆಯಲ್ಲಿ, ಅಂದರೆ ಯಾತ್ರಿಕರ ವಸತಿಯಲ್ಲಿ, ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಂಗಳದಲ್ಲಿ ಅಡಿಕೆ ಗೊನೆ ರಾಶಿ ಬಿದ್ದಿತ್ತು. ಫೋನ್ ಇಟ್ಟ ಮೇಲೆ, ಮೇಲಿನ ಮಂಚದಲ್ಲಿ ಮಲಗಿಕೊಂಡೇ, ಆರು ಸಾವಿರ ಚಿಲ್ಲರೆ ಶುಲ್ಕ ಕಟ್ಟಿ ಟಿಕೆಟ್ ಬದಲಿಸಿದೆ. ನವೆಂಬರ್ 3 ಇದ್ದದ್ದು ಅಕ್ಟೋಬರ್ 29 ಆಯಿತು. ಐದು ನಿಮಿಷದ ಕೆಲಸ.

ನನ್ನ ತಪ್ಪು ಇದೇ, ಇದನ್ನು ಬಿಡಿಸಿ ಹೇಳುತ್ತೇನೆ. ಟಿಕೆಟ್ ಬದಲಿಸಿದ್ದು ತಪ್ಪಲ್ಲ. ಮನೆಗೆ ಹೋಗಬೇಕು ಅನ್ನಿಸಿದ್ದಂತೂ ತಪ್ಪೇ ಅಲ್ಲ. ಅದನ್ನು ಮುಚ್ಚಿಟ್ಟಿದ್ದು ತಪ್ಪು. ಯಾತ್ರೆಗೆ ಬಂದವರು ಮನೆ ಮನೆ ಅಂತ ಹಂಬಲಿಸಬಾರದು, ಹಂಬಲಿಸಿದರೆ ಮನಸ್ಸು ಗಟ್ಟಿ ಇಲ್ಲ ಅಂತ ಅರ್ಥ, ಹೀಗೆ ತಲೆಯಲ್ಲಿ ಕೂತಿತ್ತು. ಎಪ್ಪತ್ತು ದಾಟಿದವರು ಮಂಡಿಗೆ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದಾರೆ, ಅವರ ಎದುರು ಅಮ್ಮ ನೆನಪಾಗುತ್ತಾಳೆ ಅಂತ ಹೇಗೆ ಹೇಳುವುದು? ನಾಚಿಕೆ ಆಯಿತು. ಹಾಗಾಗಿ ಬೆಳಿಗ್ಗೆ ಐದೂವರೆಗೆ, ಅವರು ಏಳುವ ಮೊದಲೇ, ಚೀಲ ಹೆಗಲಿಗೆ ಹಾಕಿದೆ. ಒಂದು ಚೀಟಿಯಲ್ಲಿ 'ಸ್ವಲ್ಪ ಬೇಗ ನಡೆಯುತ್ತೇನೆ, ಸಾಂತಿಯಾಗೊದಲ್ಲಿ ಸಿಗೋಣ' ಅಂತ ಇಂಗ್ಲಿಷಿನಲ್ಲಿ ಬರೆದು ಅವರ ಶೂ ಒಳಗೆ ಇಟ್ಟೆ. ಬರೆಯುವಾಗಲೇ ಗೊತ್ತಿತ್ತು, ಅದು ಸುಳ್ಳು. ಅವರ ನಡಿಗೆಗೆ ಸಾಂತಿಯಾಗೊ ಐದು ದಿನದ ದಾರಿ. 26ಕ್ಕೆ ಹೊರಟರೆ 30ಕ್ಕೆ ತಲುಪುತ್ತಾರೆ. ನಾನು 29ಕ್ಕೇ ಇರುವುದಿಲ್ಲ.

ಒಂದು ದಿನ. ಎಷ್ಟು ಸಲ ಈ ಲೆಕ್ಕ ಮಾಡಿದ್ದೇನೋ. 29ರ ಬದಲು 31ಕ್ಕೆ ಹಾಕಿದ್ದರೂ ಸಾಕಿತ್ತು. ಶುಲ್ಕ ಅಷ್ಟೇ ಇರುತ್ತಿತ್ತು. ಹೋಗಲಿ, ಬೆಳಗಾಗುವ ತನಕ ಕಾದು, ಕಾಫಿ ಕುಡಿಯುವಾಗ ಅಜ್ಜನಿಗೆ ಫೋನಿನಲ್ಲಿ ಅಮ್ಮನ ಫೋಟೋ ತೋರಿಸಿ, ಕಣ್ಣು ಒರೆಸಿಕೊಂಡಿದ್ದರೂ ಸಾಕಿತ್ತು. ಮಾತೇ ಬೇಕಿರಲಿಲ್ಲ. ಅವರಿಗೆ ಅರ್ಥ ಆಗುತ್ತಿತ್ತು. ಅವರಿಗೂ ಊರಿನಲ್ಲಿ ಮೊಮ್ಮಕ್ಕಳಿದ್ದರು. ಬದಲಿಸದೇ ಬಿಟ್ಟಿದ್ದರೂ ಹಬ್ಬಕ್ಕೆ ಸರಿಯಾಗಿ ಮನೆ ಸೇರುತ್ತಿದ್ದೆ. ಮೊದಲ ಟಿಕೆಟ್ ಹಬ್ಬ ನೋಡಿಯೇ ಮಾಡಿಸಿದ್ದಲ್ವಾ?

ಸಾರಿಯಾದಿಂದ ಸಾಂತಿಯಾಗೊಗೆ ಸುಮಾರು 115 ಕಿಲೋಮೀಟರ್. ಮೂರೇ ದಿನದಲ್ಲಿ ನಡೆದೆ. ಮೊದಲ ದಿನ ಪಾಲಾಸ್ ದೆ ರೇ ತನಕ, 47 ಕಿಲೋಮೀಟರ್ ಹತ್ತಿರ. ಆ ಮೂರು ದಿನದ ಒಂದು ಊರೂ ನನಗೆ ನೆನಪಿಲ್ಲ. ನೀಲಗಿರಿ ತೋಪು, ಮಳೆಯಂಗಿ ಮೇಲೆ ಬೀಳುವ ಹನಿ ಸದ್ದು, ಮೊಣಕಾಲ ಕೆಳಗಿನ ಮೂಳೆ ನೋವು, ಇಷ್ಟೇ. 28ರ ಸಂಜೆ ಚೌಕಕ್ಕೆ ಬಂದೆ. ನಿಮ್ಮ ಹಾಗೇ ಏನೂ ಅನ್ನಿಸಲಿಲ್ಲ. ಸುತ್ತ ಜನ ತಬ್ಬಿಕೊಂಡು ಅಳುತ್ತಿದ್ದರು. ನನಗೆ ತಬ್ಬಿಕೊಳ್ಳಲು ಯಾರೂ ಇರಲಿಲ್ಲ.

ಮನೆಗೆ ಬಂದಾಗ ಅಕ್ಟೋಬರ್ 31. ಅಡಿಕೆ ಕೊಯ್ಲು ಜೋರಾಗಿ ನಡೆದಿತ್ತು, ಬೇಯಿಸುವ ಹಂಡೆಯಿಂದ ಚೊಗರಿನ ವಾಸನೆ ಅಂಗಳ ತುಂಬಿತ್ತು. ಅಮ್ಮ ಒಲೆ ಮುಂದಿನಿಂದ ಎದ್ದು ಬಂದು, 'ಅಯ್ಯೋ, ಇಷ್ಟು ಬೇಗ ಯಾಕೆ ಬಂದೆ? ಹಬ್ಬಕ್ಕಲ್ವಾ ಬರ್ತೀನಿ ಅಂದಿದ್ದು?' ಅಂದರು. ಖುಷಿಯಲ್ಲೇ ಕೇಳಿದ್ದು. ಆದರೂ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯಿತು.

ನವೆಂಬರ್ ಕೊನೆಯಲ್ಲಿ ಒಂದು ಮೇಲ್ ಬಂತು. ದಾರಿಯಲ್ಲಿ ಪರಿಚಯ ಆಗಿದ್ದ ಜರ್ಮನಿಯ ಹೆಂಗಸೊಬ್ಬರು ಕಳಿಸಿದ್ದು, ಜೊತೆಗೊಂದು ಫೋಟೋ. ಓಬ್ರಾದೊಯ್ರೊ ಚೌಕದಲ್ಲಿ ಚರ್ಚಿನ ಎದುರು ಕಮಾನು ಸಾಲಿನ ಕಟ್ಟಡ ಇದೆಯಲ್ಲ, ಮಳೆ ಬಂದರೆ ಎಲ್ಲರೂ ಓಡುವ ಜಾಗ, ಅಲ್ಲಿ ಕಂಬಕ್ಕೆ ಒರಗಿ ಅಜ್ಜ ಕೂತಿದ್ದಾರೆ. ಚೀಲ ಇನ್ನೂ ಬೆನ್ನ ಮೇಲೇ ಇದೆ, ಬಿಚ್ಚಿಲ್ಲ. 30ರ ಮಧ್ಯಾಹ್ನದಿಂದ ಕತ್ತಲಾಗುವ ತನಕ ಹಾಗೇ ಕೂತಿದ್ದರಂತೆ. ನೋಡಿದವರನ್ನೆಲ್ಲ 'ಇಂಡಿಯಾ? ಇಂಡಿಯಾ?' ಅಂತ ಕೇಳುತ್ತಿದ್ದರಂತೆ. ಎರಡು ಆಲ್ಬೆರ್ಗೆಗೆ ಹೋಗಿ ವಿಚಾರಿಸಿದರಂತೆ. ಆ ಮೇಲ್ ಬರೆದವರ ಬಳಿಯೂ ಅಜ್ಜನ ನಂಬರ್ ಇರಲಿಲ್ಲ. ದಿನವೂ ಜೊತೆಗೇ ಇರುತ್ತೇವೆ, ನಂಬರ್ ಯಾಕೆ ಅಂತ ನಾನೂ ಕೇಳಿರಲಿಲ್ಲ. ಆಮೇಲೆ ಎಷ್ಟು ಹುಡುಕಿದರೂ ಅವರು ಸಿಗಲಿಲ್ಲ.

ಅದಕ್ಕೇ, ಯಾತ್ರೆ ಸೋತಿತಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಚೀಲಕ್ಕೆ ಕಟ್ಟಿದ, ಈ ದಾರಿಯ ಯಾತ್ರಿಕರ ಗುರುತಾದ ಸಮುದ್ರದ ಚಿಪ್ಪು ನೋಡಿ. ಈಗ ಅದನ್ನು ನಾವು ಸ್ಯಾಂ ಜಾನ್‌ನಲ್ಲೇ ಕೊಂಡು ಕಟ್ಟಿಕೊಂಡು ಹೊರಡುತ್ತೇವೆ. ಹಿಂದಿನವರು ಅದನ್ನು ಸಾಂತಿಯಾಗೊ ಮುಟ್ಟಿದ ಮೇಲೆ ತಗೊಳ್ಳುತ್ತಿದ್ದರು. 12ನೇ ಶತಮಾನದಲ್ಲೇ ಚರ್ಚಿನ ಉತ್ತರ ಬಾಗಿಲ ಮುಂದೆ ಚಿಪ್ಪು ಮಾರುತ್ತಿದ್ದರು. ಅದು ತಲುಪಿದವರ ಗುರುತು, ಅಂದರೆ ಮನೆ ಕಡೆ ಮುಖ ಮಾಡಿದವರ ಗುರುತು. ಅವರಿಗೆ ವಿಮಾನ, ರೈಲು ಏನೂ ಇರಲಿಲ್ಲ. ಹೆಚ್ಚಿನವರು ಬಂದಷ್ಟೇ ದಾರಿ ವಾಪಸ್ ನಡೆಯಬೇಕಿತ್ತು. ಯುರೋಪಿನ ಎಷ್ಟೋ ಕಡೆ ಹಳೆಯ ಸಮಾಧಿ ಅಗೆದಾಗ ಆ ಚಿಪ್ಪು ಸಿಕ್ಕಿದೆ. ಮನೆ ಸೇರಿ, ಅಲ್ಲೇ ಬದುಕಿ, ಅದರ ಜೊತೆಗೇ ಮಣ್ಣಾದವರು. ಮನೆ ನೆನಪು ಅವರ ಯಾತ್ರೆಯ ಅರ್ಧ ಭಾಗ. ನೀವು ಯಾಕೆ ನಾಚಿಕೆ ಪಡಬೇಕು? ನಮ್ಮ ಕಡೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋದವರು ದರ್ಶನ ಆದ ಕೂಡಲೇ ಊರಿನ ಬಸ್ ಹುಡುಕುತ್ತಾರೆ. ಅವರ ಭಕ್ತಿ ಕಡಿಮೆ ಅಂತ ಯಾರೂ ಹೇಳುವುದಿಲ್ಲ.

ಫಿನಿಸ್ಟೆರೆ ವಿಷಯ. ಸುಮಾರು 90 ಕಿಲೋಮೀಟರ್, ನಡೆದರೆ ನಾಲ್ಕು ದಿನ. ಸಮುದ್ರದ ತುದಿ, ದೀಪಸ್ತಂಭ, ಸೊನ್ನೆ ಕಿಲೋಮೀಟರ್ ಕಲ್ಲು. ಚೆನ್ನಾಗಿದೆ ಅಂತ ಹೋದವರೆಲ್ಲ ಹೇಳುತ್ತಾರೆ. ಕಾಲಿಗೆ ಇನ್ನೂ ಆಸೆ ಇದ್ದರೆ ಹೋಗಿ. ಆದರೆ ಚರ್ಚಿನ ಮುಂದೆ ಅನ್ನಿಸದೇ ಇದ್ದದ್ದು ಅಲ್ಲಿ ಅನ್ನಿಸಲಿ ಅಂತ ಹೋಗಬೇಡಿ. ಮನೆ ಬೇಕು ಅನ್ನುವ ಮನಸ್ಸನ್ನು ಇನ್ನೂ ನಾಲ್ಕು ದಿನ ಪಶ್ಚಿಮಕ್ಕೆ ಎಳೆದುಕೊಂಡು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ಬೇಕಿದ್ದರೆ ಬಸ್ಸಿದೆ, ಒಂದೇ ದಿನದಲ್ಲಿ ಸಮುದ್ರ ನೋಡಿ ಬರಬಹುದು.

ಟಿಕೆಟ್ ಬದಲಿಸಿ. ಧೈರ್ಯವಾಗಿ ಬದಲಿಸಿ. ಆದರೆ ನಾಳೆಗೆ ಬೇಡ, ಮತ್ತು ರಾತ್ರಿ ಮಲಗಿಕೊಂಡು ಬೇಡ. ಮನೆಗೆ ಫೋನ್ ಮಾಡಿ ಇಂಥ ದಿನ ಬರುತ್ತೇನೆ ಅಂತ ಹೇಳಿ. ಅಲ್ಲಿ ಜೊತೆಗಿರುವವರಿಗೂ ಹೇಳಿ, ಮನೆ ನೆನಪು ತಡೆಯೋಕೆ ಆಗ್ತಿಲ್ಲ ಅಂತ ಇದ್ದ ಹಾಗೇ ಹೇಳಿ. ಅವರಲ್ಲಿ ಅರ್ಧ ಜನ ಅದೇ ಮಾತನ್ನು ನುಂಗಿಕೊಂಡು ಕೂತಿರುತ್ತಾರೆ.

ಇನ್ನೊಂದು. ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ಹಾಗೇ ಬಂದು ಹೋಗಿದೆ. ಅಸ್ತೋರ್ಗದಿಂದ ಜೊತೆಗಿದ್ದ ಫ್ರಾನ್ಸಿನ ವಯಸ್ಸಾದ ಗಂಡ ಹೆಂಡತಿ, ಮಂಡಿ ನೋವು ಅಂತ ಮೆಲಿದೆಯಲ್ಲಿ ಹಿಂದೆ ಉಳಿದರು ಅಂತ. ಮೆಲಿದೆಯಿಂದ ಸಾಂತಿಯಾಗೊಗೆ 50 ಕಿಲೋಮೀಟರ್ ಚಿಲ್ಲರೆ. ನಿಧಾನವಾಗಿ ನಡೆದರೂ ಮೂರ್ನಾಲ್ಕು ದಿನದಲ್ಲಿ ಬಂದುಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಚೌಕಕ್ಕೆ ಹೋಗಿ ಆ ಕಮಾನಿನ ಕೆಳಗೆ ಕೂತುಕೊಳ್ಳಿ. ಉತ್ತರದ ಕಡೆಯಿಂದ ಮೆಟ್ಟಿಲು ಇಳಿದು ಬರುವವರು ಅಲ್ಲಿಂದ ಕಾಣುತ್ತಾರೆ. ಇವತ್ತು ಬರದಿದ್ದರೆ ನಾಳೆಯೂ ಹೋಗಿ. ಅವರು ಬಂದ ಮಾರನೇ ದಿನಕ್ಕೆ ಟಿಕೆಟ್ ಮಾಡಿಸಿ.