ಗಡಿ ದಾಟಿ ನುಗ್ಗಿದರೆ ಯುದ್ಧದ ಗತಿ ಬದಲಾಗುತ್ತದೆಯೇ?

ಆಕಾಶದ ತುಂಬ ಡ್ರೋನ್‌ಗಳಿರುವ ಈಗಿನ ಯುದ್ಧದಲ್ಲಿ ಶತ್ರುವಿನ ನೆಲಕ್ಕೇ ನುಗ್ಗಿ ಪ್ರಯೋಜನ ಉಂಟೇ ಎಂದು ಕೇಳಿದ್ದೀರಿ. ಇದಕ್ಕೆ ರಷ್ಯಾದ ಗಡಿ ಪ್ರಾಂತ್ಯ ಕುರ್ಸ್ಕ್ ಮೇಲೆ ಉಕ್ರೇನ್ ನಡೆಸಿದ ದಾಳಿಗಿಂತ ಒಳ್ಳೆಯ ಉದಾಹರಣೆ ಸಿಗದು. ನುಗ್ಗುವುದು ಈಗಲೂ ಸಾಧ್ಯ. ಹಿಡಿದ ಜಾಗದಲ್ಲಿ ಉಳಿಯಬೇಕಾದರೆ ಮಾತ್ರ ಬೆನ್ನ ಹಿಂದಿನ ರಸ್ತೆ ಕೈತಪ್ಪಬಾರದು.

2024ರ ಆಗಸ್ಟ್ 6ರಂದು ತನ್ನ ಸುಮಿ ಪ್ರಾಂತ್ಯದ ಕಡೆಯಿಂದ ಉಕ್ರೇನ್ ಒಳಹೊಕ್ಕಾಗ ಎದುರಿಗಿದ್ದವರು ಹೆಚ್ಚಾಗಿ ಗಡಿ ಕಾವಲಿನವರು ಮತ್ತು ಕಡ್ಡಾಯ ಸೇವೆಗೆ ಬಂದ ಹುಡುಗರು. ತಯಾರಿ ಗುಟ್ಟಾಗಿತ್ತು. ಜಾಮರ್‌ಗಳು ರಷ್ಯಾದ ಡ್ರೋನ್‌ಗಳ ಸಂಪರ್ಕ ಕಡಿದವು, ಪಡೆಗಳು ಸುಜಾ ಪಟ್ಟಣ ಹಿಡಿದವು. ತಿಂಗಳು ಮುಗಿಯುವ ಮೊದಲೇ 1,000 ಚದರ ಕಿ.ಮೀ.ಗಿಂತ ಹೆಚ್ಚು ನೆಲ ವಶವಾಗಿದೆ ಎಂದು ಉಕ್ರೇನಿನ ಸೇನಾ ಮುಖ್ಯಸ್ಥ ಸಿರ್ಸ್ಕಿ ಹೇಳಿದರು. ಇದೇ ಸೇನೆ 2023ರಲ್ಲಿ ದಕ್ಷಿಣ ಉಕ್ರೇನಿನ ಝಪೊರಿಝ್ಯಾದಲ್ಲಿ ರಷ್ಯಾದ ನೆಲಬಾಂಬು, ಕಂದಕಗಳ ಮುಂದೆ ತಿಂಗಳುಗಟ್ಟಲೆ ಹೆಣಗಿ ರೊಬೊಟಿನೆ ಹಳ್ಳಿಯ ಆಸುಪಾಸಿನಲ್ಲೇ ನಿಂತುಹೋಗಿತ್ತು. ಶತ್ರು ಸಜ್ಜಾಗಿರದ ಕಡೆ ಹೊಡೆದದ್ದೇ ಈ ವ್ಯತ್ಯಾಸಕ್ಕೆ ಕಾರಣ.

ತೊಡಕು ಶುರುವಾದದ್ದು ಆಮೇಲೆ. ಕುರ್ಸ್ಕ್‌ನಲ್ಲಿ ಹರಿಯುವ ಸೇಮ್ ನದಿಯ ಸೇತುವೆಗಳನ್ನು ಉಕ್ರೇನ್ ಕೆಡವಿತು, ಆದರೆ ನದಿಯ ದಕ್ಷಿಣ ದಂಡೆಯನ್ನು ಪೂರ್ತಿ ಹಿಡಿಯಲಿಲ್ಲ. ನನ್ನ ಪ್ರಕಾರ ದೊಡ್ಡ ಕೊರತೆ ಇದೇ. ನದಿ ರಕ್ಷಣೆಗೆ ಒದಗಲಿಲ್ಲ, ಪಶ್ಚಿಮದ ಪಕ್ಕ ಬಯಲಾಗಿಯೇ ಉಳಿಯಿತು. ಸೆಪ್ಟೆಂಬರ್‌ನಲ್ಲಿ ರಷ್ಯಾದ ಪ್ರತಿದಾಳಿ ಬಂದದ್ದೂ ಆ ಕಡೆಯಿಂದಲೇ.

ಇನ್ನು ಸರಬರಾಜು. 155 ಮಿ.ಮೀ. ಫಿರಂಗಿಯ ಒಂದು ಗುಂಡು ಸುಮಾರು 43 ಕೆ.ಜಿ. ತೂಗುತ್ತದೆ. 200 ಗುಂಡು ಎಂದರೆ ಎಂಟೂವರೆ ಟನ್, ಸಿಡಿಮದ್ದಿನ ಚೀಲಗಳ ತೂಕ ಬೇರೆ. ಇದನ್ನು ಹೊತ್ತೊಯ್ಯಲು ಲಾರಿಯೇ ಬೇಕು, ಲಾರಿಗೆ ಒಳ್ಳೆಯ ರಸ್ತೆ ಬೇಕು. ಉಕ್ರೇನಿನ ಗಡಿ ಹಳ್ಳಿ ಯುನಾಕಿವ್ಕಾದಿಂದ ಸುಜಾಗೆ ಹೋಗುವ ಮುಖ್ಯ ರಸ್ತೆಯ ಮೇಲೆ ರಷ್ಯಾ ಆಪ್ಟಿಕಲ್ ಫೈಬರ್ ಡ್ರೋನ್‌ಗಳನ್ನು ಬಿಟ್ಟಿತು. ಇವು ಕೂದಲೆಳೆಯಂಥ ನಿಯಂತ್ರಣ ತಂತಿಯನ್ನು ಬಿಚ್ಚುತ್ತಾ ಹಾರುತ್ತವೆ. ರೇಡಿಯೋ ಸಂಕೇತವೇ ಇಲ್ಲದ್ದರಿಂದ ಜಾಮರ್‌ಗೆ ಬಗ್ಗುವುದಿಲ್ಲ, ರಸ್ತೆ ಬದಿಯಲ್ಲಿ ಇಳಿದು ವಾಹನ ಬರುವವರೆಗೆ ಕಾದು ಕೂರುತ್ತವೆ. ಲಾರಿ ನಿಂತರೆ ಗುಂಡು ನಿಲ್ಲುತ್ತದೆ, ಗಾಯಾಳುಗಳನ್ನು ಹೊರತರುವುದೂ ನಿಲ್ಲುತ್ತದೆ. ಸೈನಿಕರು ಕೊನೆಗೆ ನಡೆದೇ ಹಿಂದಿರುಗಬೇಕಾಯಿತು. ಸಾವಿರಾರು ಉತ್ತರ ಕೊರಿಯಾ ಸೈನಿಕರೂ ರಷ್ಯಾದ ಪರ ಕಾದಿದರು. 2025ರ ಮಾರ್ಚ್‌ನಲ್ಲಿ, ಅನಿಲ ಹರಿಯುವುದು ನಿಂತಿದ್ದ ಕೊಳವೆಯೊಳಗಿಂದ ರಷ್ಯಾದ ಸೈನಿಕರು ಸುಜಾ ಬಳಿ ಮೇಲೆದ್ದರು, ಅದೇ ತಿಂಗಳು ಪಟ್ಟಣವೂ ಹೋಯಿತು.

ಪೂರ್ವ ಉಕ್ರೇನಿನ ಡೊನ್‌ಬಾಸ್‌ನಿಂದ ರಷ್ಯಾ ತನ್ನ ಪಡೆಗಳನ್ನು ಹಿಂದಕ್ಕೆ ಕರೆಸೀತು ಎಂಬ ನಿರೀಕ್ಷೆಯೂ ಹುಸಿಯಾಯಿತು. ಅಲ್ಲಿನ ಪೊಕ್ರೊವ್ಸ್ಕ್ ಕಡೆಯ ಒತ್ತಡ ತಗ್ಗಲಿಲ್ಲ, 2024ರ ಅಕ್ಟೋಬರ್ ಆರಂಭದಲ್ಲೇ ವುಹ್ಲೆದಾರ್ ಪಟ್ಟಣ ರಷ್ಯಾದ ಕೈಗೆ ಬಿತ್ತು. ಸೆರೆಸಿಕ್ಕ ರಷ್ಯನ್ ಸೈನಿಕರು ಮಾತ್ರ ಖೈದಿ ವಿನಿಮಯಕ್ಕೆ ನಿಜವಾಗಿ ಒದಗಿದರು. 2024ರ ಆಗಸ್ಟ್ 24ರಂದು 115 ಮಂದಿ ಉಕ್ರೇನಿಯನ್ನರು ಮನೆಗೆ ಮರಳಿದ್ದು ಹಾಗೆ. ಆ ನೆಲವನ್ನು ಸಂಧಾನದ ಮೇಜಿನಲ್ಲಿ ಬಳಸುವ ಆಸೆ ಇದ್ದರೆ, ಮಾತುಕತೆ ಕುದುರುವವರೆಗೆ ಆ ಒಂದು ರಸ್ತೆಯನ್ನು ಕಾಯುವ ಶಕ್ತಿ ಮೊದಲೇ ಇರಬೇಕಿತ್ತು.